ಉದಾಹರಣೆಗೆ, ಆರುನೂರು

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲಿ ಟೀಚರಮ್ಮನ ಕಣ್ಣಿಗೆ ಆ ಸಾಲು ಬಿತ್ತು.

ಚಪ್ಪಾಳೆ ತನಗೇ ಎಂಬುದು ಅವಳಿಗೆ ಗೊತ್ತಿತ್ತು. ಮ್ಯಾನೇಜರ್ ಎದ್ದು ನಿಂತು, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗುಬ್ಬಿ ಬರೆದ ಕಂಪ್ಯೂಟರ್ ಕೋಡನ್ನು ತೋರಿಸಿ, ಮೊನ್ನೆ ಮೊನ್ನೆ ಸೇರಿದ ಹುಡುಗಿ, ಒಂದೇ ಒಂದು ಕೆಂಪು ಗೆರೆ ಇದೆಯಾ ನೋಡಿ, ಇದೆಲ್ಲ ನಮ್ಮ ಟೀಚರಮ್ಮನ ಕೈಗುಣ ಎಂದಿದ್ದ. ಗುಬ್ಬಿ ತಲೆ ತಗ್ಗಿಸಿ ಕುರ್ಚಿಯೊಳಗೆ ಇನ್ನಷ್ಟು ಮುದುಡಿ ಕೂತಿದ್ದಳು. ಟೀಚರಮ್ಮನೂ ನಗುತ್ತಿದ್ದಳು. ನಗುತ್ತಲೇ ಪರದೆಯ ಕಡೆ ನೋಡಿದಳು. ವರ್ಷಗಟ್ಟಲೆ ಮಕ್ಕಳ ಉತ್ತರ ತಿದ್ದಿದ ಕಣ್ಣು, ಬರೆದದ್ದು ಕಂಡರೆ ಓದದೆ ಬಿಡುವುದಿಲ್ಲ. ಕೊನೆಯ ಭಾಗದಲ್ಲಿ ಒಂದು ಪುಟ್ಟ ಸಾಲು. ಮಿತಿ, ಆರುನೂರು ಸೆಕೆಂಡು.

ಆ ಸಂಖ್ಯೆಯ ಗುರುತು ಅವಳಿಗೆ ಹತ್ತಿತು. ನಗು ಮಾತ್ರ ಹಾಗೆಯೇ ಮುಖದ ಮೇಲೆ ಉಳಿದುಕೊಂಡಿತು.

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಬೇಕು. ಬರೆದ ಕೋಡನ್ನು ಓಡಿಸುವ ಮೊದಲೇ ಅದನ್ನು ಸಾಲುಸಾಲಾಗಿ ಓದಿ, ಎಡವಟ್ಟು ಕಂಡ ಕಡೆ ಕೆಂಪು ಗೆರೆ ಎಳೆದು, ಕೆಳಗೆ ಒಂದು ಮಾತು ಹೇಳುವ ತಂತ್ರಾಂಶ ಇರುತ್ತದೆ. ಅದಕ್ಕೆ ಲಿಂಟರ್ ಎಂದು ಹೆಸರು. ಆ ಆಫೀಸಿನಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ಅತ್ತೆ ಎಂದು. ಮಾಡಿದ್ದೆಲ್ಲ ತಪ್ಪು ಎನ್ನುತ್ತದೆ, ಯಾಕೆ ತಪ್ಪು ಎಂದು ಬಾಯಿ ಬಿಡುವುದಿಲ್ಲ, ಅದರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹೊಸ್ತಿಲು ದಾಟುವ ಹಾಗಿಲ್ಲ. ಇನ್ನೇನೆಂದು ಕರೆಯುವುದು? ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕ್ಯಾಂಟೀನಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದೇ ಅದು, ನಿಮ್ಮ ಅತ್ತೆ ಇವತ್ತು ಹೇಗಿದ್ದಾಳೆ?

ಈ ಅತ್ತೆಯನ್ನು ಹುಟ್ಟಿಸಿದವನು ಅಜ್ಜ. ಅಜ್ಜ ಎಂದರೆ ಹಣ್ಣುಹಣ್ಣು ಮುದುಕನೇನಲ್ಲ, ಐವತ್ತು ದಾಟಿದ್ದ, ಅಷ್ಟೆ. ಮೀಸೆ ಈಗಷ್ಟೇ ಕಪ್ಪಾಗುತ್ತಿರುವವರೇ ತುಂಬಿದ ಆಫೀಸಿನಲ್ಲಿ ಆ ಹೆಸರಿಗೆ ಅಷ್ಟು ಸಾಕು. ಮಾತಿನಲ್ಲಿ ಜಿಪುಣ. ಅವನು ಬರೆದಿಟ್ಟ ಸಂದೇಶಗಳೂ ಹಾಗೆಯೇ. 'ನಿಯಮ ನಲವತ್ತೊಂದು: ಮಿತಿ ಇಲ್ಲದ ಕಾಯುವಿಕೆ.' ಮುಗಿಯಿತು. ಅರ್ಥವಾಗದೆ ಯಾರಾದರೂ ಅವನ ಮೇಜಿನ ಹತ್ತಿರ ಹೋಗಿ ನಿಂತರೆ, ತಲೆ ಎತ್ತದೆ ಒಂದು ಪ್ರಶ್ನೆ ಕೇಳುತ್ತಿದ್ದ: "ಯಾರು ಕಾಯ್ತಿದ್ದಾರೆ?" ಕೇಳಲು ಬಂದವರನ್ನೇ ಕೇಳುವ ಮನುಷ್ಯ. ಅದಕ್ಕೆ ಉತ್ತರ ಹೊಳೆಯದೆ ಹುಡುಗರು ಮುಖ ಸಪ್ಪೆ ಮಾಡಿಕೊಂಡು ವಾಪಸಾಗುತ್ತಿದ್ದರು.

ಟೀಚರಮ್ಮನೂ ಹಾಗೆ ವಾಪಸಾದವಳೇ. ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿ, ನಲವತ್ತರ ವಯಸ್ಸಿನಲ್ಲಿ ಮಕ್ಕಳ ಪಕ್ಕ ಕೂತು ಈ ವಿದ್ಯೆ ಕಲಿತು, ತಾತ್ಕಾಲಿಕ ಕೆಲಸಕ್ಕೆ ಸೇರಿದವಳು. ಮೊದಮೊದಲು ಅತ್ತೆಯ ಬಿರುನುಡಿ ಕೇಳಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳು. ಅತ್ತಾದ ಮೇಲೆ ಸಿಟ್ಟು ಬಂತು. ದಡ್ಡರು ನಾವಲ್ಲ, ಇದನ್ನು ಬರೆದವರಿಗೆ ಹೇಳಿಕೊಡಲು ಬರುವುದಿಲ್ಲ ಎಂದು ಮ್ಯಾನೇಜರ್ ಎದುರು ಹೇಳಿಯೇಬಿಟ್ಟಳು. ಹಾಗಾದರೆ ನೀವೇ ಬರೆಯಿರಿ ಎಂದ ಅವನು. ಬೆಕ್ಕಿಗೆ ಗಂಟೆ ಕಟ್ಟಬೇಕು ಎಂದವರ ಕೈಗೇ ಗಂಟೆ ಬರುವುದು ಎಲ್ಲ ಆಫೀಸುಗಳ ಪದ್ಧತಿ.

ಅವಳು ಬರೆದಳು. ಒಂದೊಂದು ಸಂದೇಶವನ್ನೂ ಎದುರಿಗೆ ಒಂದು ಮಗು ಕೂತಿದೆ ಎಂದುಕೊಂಡೇ ಬರೆದಳು. ನಲವತ್ತೊಂದನೆಯ ನಿಯಮಕ್ಕೆ ಹೀಗೆ ಬರೆದಿದ್ದಳು: 'ಇಲ್ಲಿ ನೀವು ಒಂದು ಉತ್ತರಕ್ಕಾಗಿ ಕಾಯುತ್ತಿದ್ದೀರಿ, ಆದರೆ ಎಷ್ಟು ಹೊತ್ತು ಎಂದು ಹೇಳಿಲ್ಲ. ಉತ್ತರ ಬಾರದಿದ್ದರೆ ಕೋಡು ಅಲ್ಲೇ ನಿಂತುಬಿಡುತ್ತದೆ. ಗಾಬರಿ ಬೇಡ, ಒಂದು ಮಿತಿ ಬರೆದರೆ ಸಾಕು. ಉದಾಹರಣೆಗೆ: ಮಿತಿ, ಆರುನೂರು ಸೆಕೆಂಡು.'

ಆರುನೂರು ಸೆಕೆಂಡು ಎಂದರೆ ಹತ್ತು ನಿಮಿಷ. ಆ ಲೆಕ್ಕ ಎಲ್ಲಿಂದ ಬಂತು ಎಂದರೆ, ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಬಡಿದ ಮೇಲೆ ಆಟದ ಬಯಲಿನಿಂದ ಬರುವ ಮಕ್ಕಳಿಗಾಗಿ ಅವಳು ಬಾಗಿಲು ತೆರೆದಿಟ್ಟು ಕಾಯುತ್ತಿದ್ದದ್ದು ಅಷ್ಟು ಹೊತ್ತು. ಬರೆಯುವಾಗ ಕೈಗೊಂದು ಸಂಖ್ಯೆ ಬೇಕಿತ್ತು, ಬಂದದ್ದನ್ನು ಹಾಕಿದಳು. ಹೊಸಬರ ಕೆಲಸ ಸುಸೂತ್ರವಾಯಿತು. ಅಜ್ಜನ ಮೇಜಿನ ಎದುರು ನಿಲ್ಲುವವರು ಇಲ್ಲವಾದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಕ್ಯಾಂಟೀನಿನಲ್ಲಿ ನಗೆಯಾಡಿದರು.

ಈಗ ಆ ಆರುನೂರು ಗುಬ್ಬಿಯ ಕೋಡಿನಲ್ಲಿ ಕೂತಿತ್ತು. ಕೂತದ್ದಾದರೂ ಎಲ್ಲಿ? ಆ ಕಂಪನಿ ತಯಾರಿಸುತ್ತಿದ್ದದ್ದು ಆಸ್ಪತ್ರೆಯ ಕರೆಗಂಟೆ. ರೋಗಿ ಮಂಚದ ಪಕ್ಕದ ಗುಂಡಿ ಒತ್ತಿದರೆ ಆ ವಾರ್ಡಿನ ನರ್ಸ್ ಮೇಜಿನಲ್ಲಿ ಗಂಟೆ ಬಡಿಯುತ್ತದೆ. ನರ್ಸ್ ಇನ್ನೊಂದು ಮಂಚದ ಹತ್ತಿರ ಸಿಕ್ಕಿಬಿದ್ದಿದ್ದರೆ, ಸ್ವಲ್ಪ ಹೊತ್ತು ನೋಡಿ, ಪಕ್ಕದ ವಾರ್ಡಿನಲ್ಲೂ ಬಡಿಯುತ್ತದೆ. ಆ 'ಸ್ವಲ್ಪ ಹೊತ್ತು' ಎಷ್ಟು ಎಂದು ಹೇಳುವ ಸಾಲು ಅದು. ನಾಳೆ ಮಧ್ಯಾಹ್ನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಅದು ಶುರುವಾಗುವುದಿತ್ತು. ಅಲ್ಲಿ ಮಲಗಿದವರಲ್ಲಿ ಎದ್ದು ಓಡಾಡುವವರು ಕಡಿಮೆ.

ಸಭೆ ಮುಗಿದು ಹೊರಬರುವಾಗ ಮ್ಯಾನೇಜರ್ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ನಿಮ್ಮ ಪರ್ಮನೆಂಟ್ ಆರ್ಡರ್ ಸಹಿಗೆ ಹೋಗಿದೆ. ನಾಳೆ ಆಸ್ಪತ್ರೆದು ಶುರುವಾಗ್ಲಿ, ಸಂಜೆಗೇ ಕೈಗೆ ಕೊಡಿಸ್ತೀನಿ."

ಥ್ಯಾಂಕ್ಸ್ ಎಂದಳು. ಹೇಳಬೇಕಾದ್ದು ಬಾಯೊಳಗಿನ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮ್ಯಾನೇಜರ್ ಶಿಳ್ಳೆ ಹಾಕುತ್ತಾ ತನ್ನ ಕೋಣೆಗೆ ಹೋದ.

ಮೊದಲು ಗುಬ್ಬಿಯನ್ನು ಕೇಳಿ ನೋಡೋಣ ಎಂದುಕೊಂಡಳು. ಯಾರಿಗೆ ಗೊತ್ತು, ಆಸ್ಪತ್ರೆಯವರೇ ಹತ್ತು ನಿಮಿಷ ಎಂದಿರಬಹುದು. ಯಾರನ್ನಾದರೂ ಕೇಳಿದ್ದರೆ ಕೇಳಿಯೇ ಬರೆದಿರುತ್ತಾಳೆ. ಗುಬ್ಬಿಯ ಕುರ್ಚಿಯ ಬೆನ್ನು ಹಿಡಿದು ನಿಂತು, ಏನೋ ಬೇರೆ ಮಾತು ತೆಗೆದು, ಸುತ್ತಿ ಬಳಸಿ ಅಲ್ಲಿಗೆ ಬಂದಳು. ಅದೊಂದು ಸಾಲಿಗೆ ಆರುನೂರು ಅಂತ ಹೇಗೆ ಗೊತ್ತಾಯಿತು?

ಗುಬ್ಬಿಯ ಮುಖ ಚಿಕ್ಕದಾಯಿತು. "ತಪ್ಪಾಗಿದೆಯಾ ಮೇಡಂ?"

"ಇಲ್ಲಮ್ಮ, ಸುಮ್ಮನೆ ಕೇಳ್ದೆ."

"ನೀವು ಹೇಳಿದ್ದನ್ನೇ ಹಾಕಿದ್ದು. ಅತ್ತೆ ಸುಮ್ಮನಾದ್ಲು." ಆಮೇಲೆ, ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೇಳಲು ಸಮಯ ಸಿಕ್ಕಿತು ಎಂಬಂತೆ, ಮೆಲ್ಲಗೆ ಸೇರಿಸಿದಳು. "ಮೊದಲ ವಾರ ಅಜ್ಜನ್ನ ಕೇಳೋಕೆ ಹೋಗಿದ್ದೆ. ಹಿಂದೆ ಯಾರೋ ನಕ್ಕರು. ಆವಾಗಿಂದ ಯಾರನ್ನಾದ್ರೂ ಕೇಳ್ಬೇಕು ಅಂದ್ರೆ ಕೈ ಬೆವರತ್ತೆ. ನಿಮ್ಮ ಸಂದೇಶ ಬಂದ್ಮೇಲೆ ಯಾರನ್ನೂ ಕೇಳೋ ಹಾಗೇ ಇಲ್ಲ ಮೇಡಂ. ಎಷ್ಟು ನೆಮ್ಮದಿ ಗೊತ್ತಾ."

ಟೀಚರಮ್ಮ ಹಿಡಿದಿದ್ದ ಕುರ್ಚಿಯ ಬೆನ್ನು ಬಿಟ್ಟಳು. ಗುಬ್ಬಿಯದು ಇನ್ನೂ ಪ್ರೊಬೇಷನ್ ಅವಧಿ. ರೋಗಿಯನ್ನು ಹತ್ತು ನಿಮಿಷ ಕಾಯಿಸುವ ಸಾಲು ಬರೆದವಳು ಎಂದು ಹೆಸರಾದರೆ ಯಾರೂ ಅವಳನ್ನು ಇಟ್ಟುಕೊಳ್ಳುವುದಿಲ್ಲ. ಅದನ್ನು ಬರೆಯಿಸಿದವಳು ಯಾರು ಎಂದು ಆಗ ಯಾರು ಕೇಳುತ್ತಾರೆ? ಚೆನ್ನಾಗಿದೆ, ಕೆಲಸ ಮುಂದುವರಿಸು ಎಂದು ಭುಜ ತಟ್ಟಿ ಬಂದಳು. ತಟ್ಟಿದ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಕೋಡನ್ನು ಓಡಿಸಿ ಪರೀಕ್ಷೆ ಮಾಡುವವನ ಕಣ್ಣಿಗೂ ಇದು ಬೀಳಲಿಲ್ಲವಲ್ಲ ಎಂದು ನೋಡಿದರೆ, ಅದಕ್ಕೂ ಕಾರಣ ಇತ್ತು. ಅವನೇನು ಹತ್ತು ನಿಮಿಷ ಕೆನ್ನೆಗೆ ಕೈಕೊಟ್ಟು ಕೂರುತ್ತಾನೆಯೇ? ಪರೀಕ್ಷೆಗೆಂದು ಮಿತಿಯನ್ನು ಎರಡು ಸೆಕೆಂಡಿಗೆ ಇಳಿಸಿ, ಪಕ್ಕದ ವಾರ್ಡಿನಲ್ಲಿ ಗಂಟೆ ಬಡಿದದ್ದು ನೋಡಿ, ಸರಿ ಇದೆ ಎಂದು ಹೇಳಿ, ಚಹಾಕ್ಕೆ ಎದ್ದಿದ್ದ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ಹಾಗಾದರೆ ಸದ್ದಿಲ್ಲದೆ ತಿದ್ದಿಬಿಡುವುದು. ಅದೊಂದು ಸಾಲು ಬದಲಾಯಿಸಿದರೆ ಕಾಗೆಗೂ ಗೊತ್ತಾಗುವುದಿಲ್ಲ, ಗುಬ್ಬಿಗೂ. ತನ್ನ ಮೇಜಿಗೆ ಬಂದು, ಸುತ್ತ ಒಮ್ಮೆ ನೋಡಿ, ಕಂಪನಿಯ ಅಷ್ಟೂ ಕೋಡಿನಲ್ಲಿ ಆರುನೂರು ಎಲ್ಲೆಲ್ಲಿದೆ ಎಂದು ಹುಡುಕಿದಳು. ಪರದೆ ತುಂಬಿತು. ಕೆಳಗೆ ಸರಿಸಿದರೆ ಇನ್ನೂ ಇತ್ತು.

ದಿನದ ವರದಿ ತಯಾರಾಗುವವರೆಗೆ ಕಾಯುವ ಕಡೆ ಆರುನೂರು. ಅದು ಸರಿ, ವರದಿಗೆ ಯಾರ ಅವಸರವೂ ಇಲ್ಲ. ಗುಂಡಿಯ ಬ್ಯಾಟರಿ ಇಳಿದಿದೆಯೇ ಎಂದು ನೋಡುವ ಕಡೆ ಆರುನೂರು. ಇರಬಹುದು. ಮಂಚದಿಂದ ಎದ್ದುಹೋದವರು ಮರಳದಿದ್ದರೆ ತಿಳಿಸುವ ಕಡೆಯೂ ಆರುನೂರು. ಬಾತ್‌ರೂಮಿಗೆ ಹೋದವರಿಗೆ ಅಷ್ಟು ಸಮಯ ಕೊಡಬೇಕು ಎಂದು ಯೋಚಿಸಿ ಹಾಕಿದ್ದೋ, ಅವಳ ಉದಾಹರಣೆ ನೋಡಿ ಹಾಕಿದ್ದೋ? ಯೋಚಿಸಿ ಬರೆದ ಆರುನೂರಕ್ಕೂ ನೋಡಿ ಬರೆದ ಆರುನೂರಕ್ಕೂ ಮುಖದಲ್ಲಿ ಏನೂ ವ್ಯತ್ಯಾಸ ಇಲ್ಲ. ಬರೆದವರ ಹೆಸರುಗಳನ್ನು ನೋಡುತ್ತಾ ಹೋದಳು. ಹೊಸಬರೇ ಎಲ್ಲ. ಹಳಬರಲ್ಲಿ ಒಬ್ಬಿಬ್ಬರು. ಅಜ್ಜನದು ಒಂದೂ ಇರಲಿಲ್ಲ.

ಅವಳಿಗೆ ಜ್ವರದ ಅರ್ಜಿಗಳು ನೆನಪಾದವು. ಹಿಂದೆ ಶಾಲೆಯಲ್ಲಿ, ರಜಾ ಅರ್ಜಿ ಬರೆಯುವುದು ಹೇಗೆಂದು ಕಲಿಸಲು ಕಪ್ಪುಹಲಗೆಯ ಮೇಲೆ ಒಂದು ಮಾದರಿ ಬರೆದುಕೊಟ್ಟಿದ್ದಳು: 'ನನಗೆ ಜ್ವರ ಬಂದಿರುವುದರಿಂದ'. ಆ ವರ್ಷವಿಡೀ ಇಡೀ ತರಗತಿಗೆ ಜ್ವರ. ಅಕ್ಕನ ಮದುವೆಗೆ ಹೋದವನಿಗೂ ಜ್ವರ, ಮರದಿಂದ ಬಿದ್ದು ಕೈ ಮುರಿದುಕೊಂಡು ಕಟ್ಟು ಹಾಕಿಸಿಕೊಂಡು ಬಂದವನಿಗೂ ಜ್ವರ. ಟೀಚರ್‌ಗಳ ಕೋಣೆಯಲ್ಲಿ ಅದನ್ನು ಓದಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ನಕ್ಕವರಲ್ಲಿ ಅವಳೇ ಮೊದಲಿಗಳು. ಗೊತ್ತಿದ್ದೂ ಗೊತ್ತಿದ್ದೂ ಮತ್ತೆ ಅದೇ ಹಲಗೆಯ ಮೇಲೆ ಅದೇ ಜ್ವರ ಬರೆದಿಟ್ಟೆನಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ಯಾವುದು ನಿಜವಾದ ಜ್ವರ ಎಂದು ತಿಳಿಯಬೇಕಾದರೆ ಎಲ್ಲರನ್ನೂ ಕೇಳಬೇಕು. ಕೇಳಬೇಕಾದರೆ ಹೇಳಬೇಕು. ಹೇಳಿದರೆ ನಾಳೆ ಶುರುವಾಗಬೇಕಾದ್ದು ನಿಲ್ಲುತ್ತದೆ, ಆರ್ಡರಿನ ಸಹಿ ನಿಲ್ಲುತ್ತದೆ, ಗುಬ್ಬಿಯ ನೆಮ್ಮದಿಯಂತೂ ನಿಂತಂತೆಯೇ. ಅಷ್ಟು ಹೊತ್ತಿಗೆ ಮನೆಗೆ ಹೊರಡುವ ವೇಳೆಯಾಯಿತು. ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಸಂಜೆಯಾಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ, ಅರೆಗಳಿಗೆ ತಡವಾದರೂ ಮುಖ ಊದಿಸುತ್ತಾಳೆ. ಮ್ಯಾನೇಜರ್ ಕೋಣೆಯ ಬಾಗಿಲ ಮುಂದೆ ಒಮ್ಮೆ ನಿಧಾನಿಸಿ, ಒಳಗೆ ಅವನು ಫೋನಿನಲ್ಲಿ ನಗುತ್ತಿರುವುದು ಕೇಳಿ, ಟೀಚರಮ್ಮ ಮೆಟ್ಟಿಲಿಳಿದಳು.

ಅಮ್ಮ ಬಾತ್‌ರೂಮಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ಮೂಳೆ ಕೂಡಿಕೊಳ್ಳುತ್ತಿದೆ, ಇನ್ನೂ ಇಳಿಯುವ ಹಾಗಿಲ್ಲ ಎಂದಿದ್ದರು ಡಾಕ್ಟರ್. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ, ಒಂದು ಚಮಚ. ಬೇಕಾದಾಗ ಚಮಚದಿಂದ ಲೋಟಕ್ಕೆ ಬಡಿಯಬೇಕು. ಊರಿಗೆಲ್ಲ ಕರೆಗಂಟೆ ಮಾಡಿಕೊಡುವ ಮಗಳು ಅಮ್ಮನಿಗೆ ಮಾಡಿಕೊಟ್ಟದ್ದು ಲೋಟ ಚಮಚ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಮ್ಮನಿಗೆ ಊಟ ಮಾಡಿಸಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮತ್ತೆ ಆರುನೂರುಗಳ ನಡುವೆ ಕೂತಳು. ಒಂದೊಂದನ್ನೂ ತೆರೆದು, ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಕೆಲಸ. ಇದು ಯೋಚಿಸಿದ್ದು, ಇದು ನೋಡಿದ್ದು, ಇದು ದೇವರೇ ಬಲ್ಲ. ನಡುವೆ ಮ್ಯಾನೇಜರ್‌ಗೆ ಫೋನ್ ಮಾಡೋಣವೆಂದು ಎತ್ತಿಕೊಂಡಳು. ಏನೆಂದು ಶುರುಮಾಡುವುದು? ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಬೇಕಾದ ಮಾತೆಲ್ಲ ಬಾಯಿಗೆ ಬಂದು, ಕೊನೆಯಲ್ಲಿ ಒಂದು ಜಾಗದಲ್ಲಿ, ತಪ್ಪು ಯಾರದು ಎನ್ನುವಲ್ಲಿ, ಎಡವುತ್ತಿತ್ತು.

ನೀರು ಕುಡಿಯಲು ಎದ್ದಾಗ ಮನೆ ತೀರಾ ನಿಶ್ಶಬ್ದವಾಗಿದೆ ಎನ್ನಿಸಿತು. ಅಮ್ಮನ ಕೋಣೆಗೆ ಹೋದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಮಚ ಕೈಯಲ್ಲೇ ಇತ್ತು. ಹಾಸಿಗೆ ಒದ್ದೆಯಾಗಿತ್ತು.

ಟೀಚರಮ್ಮ ಬಿಸಿನೀರು ತಂದಳು, ಬಟ್ಟೆ ತಂದಳು, ಅಮ್ಮನನ್ನು ಮೆಲ್ಲಗೆ ಒಂದು ಬದಿಗೆ ಹೊರಳಿಸಿ ಹಾಸಿಗೆಯ ಹೊದಿಕೆ ಎಳೆದಳು. ಅಮ್ಮ ನೋವಿಗೆ ಹಲ್ಲು ಕಚ್ಚಿದಳು, ಕಣ್ಣು ತೆರೆಯಲಿಲ್ಲ.

"ಇನ್ನೂ ಜೋರಾಗಿ ಬಡೀಬಾರದಾ ಅಮ್ಮಾ?"

"ಎರಡು ಸಲ ಬಡಿದೆ. ಮೂರನೇ ಸಲಕ್ಕೆ ನಾಚಿಕೆ ಆಯ್ತು," ಎಂದಳು ಅಮ್ಮ. "ಬಡಿಯೋ ಹೊತ್ತಿಗೇ ತಡೆಯೋಕಾಗ್ತಿರಲಿಲ್ಲ ಕಣೇ. ಮೊದಲೇ ಕರೆಯೋಣ ಅಂದ್ರೆ, ಪಾಪ ನೀನು ಕೆಲಸದಲ್ಲಿದ್ದೆ. ಸುಮ್ಮಸುಮ್ಮನೆ ಯಾರಾದ್ರೂ ಕರೀತಾರಾ?"

ಟೀಚರಮ್ಮ ಅಮ್ಮನ ಕಾಲು ಒರೆಸುತ್ತಿದ್ದಳು. ಅಳು ಬಂತು, ಬಗ್ಗಿ ಒರೆಸುತ್ತಲೇ ಅತ್ತಳು. ಅಮ್ಮ ಕಂಡೂ ಕಾಣದವಳಂತೆ, ಹೊದಿಕೆ ಒಣಗಲು ಹಾಕುವಾಗ ನೆರಿಗೆ ಬಿಡಿಸಿ ಹಾಕು ಎಂದಳು.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರೂ ಕಿಟಕಿಯ ಬಳಿ ಅರ್ಧ ಚಂದ್ರಾಕಾರವಾಗಿ ನಿಂತು, ನಿನ್ನೆ ಏನು ಮಾಡಿದೆ ಇವತ್ತು ಏನು ಮಾಡುತ್ತೇನೆ ಎಂದು ಒಬ್ಬೊಬ್ಬರಾಗಿ ಹೇಳುವುದು ರೂಢಿ. ಕೂತರೆ ಮಾತು ಬೆಳೆಯುತ್ತದೆಂದು ನಿಂತೇ ಮುಗಿಸುತ್ತಾರೆ. ಟೀಚರಮ್ಮನ ಸರದಿ ಬಂತು. ಮಧ್ಯಾಹ್ನ ಶುರುವಾಗುವುದನ್ನು ನಿಲ್ಲಿಸಬೇಕು ಎಂದಳು. ಯಾಕೆಂದು ಹೇಳಿದಳು. ಗುಬ್ಬಿಯ ಹೆಸರು ಎತ್ತಲಿಲ್ಲ. ನಾನು ಬರೆದ ಉದಾಹರಣೆ ಅಲ್ಲಿಗೆ ಹೋಗಿ ಕೂತಿದೆ, ಇನ್ನೂ ಎಲ್ಲೆಲ್ಲಿ ಕೂತಿದೆ ಎಂದು ನನಗೆ ಗೊತ್ತಾಗುತ್ತಿಲ್ಲ, ಬರೆದವರಿಗೆ ಮಾತ್ರ ಗೊತ್ತು ಎಂದಳು.

ಮ್ಯಾನೇಜರ್ ಮುಖದ ಬಣ್ಣ ಬದಲಾಯಿತು. "ಟೀಚರಮ್ಮ, ಇದನ್ನ ನಿನ್ನೆ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಹೆದರಿಕೆ ಆಯ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಒಬ್ಬೊಬ್ಬರೂ ತಮ್ಮ ತಮ್ಮ ಕೋಡನ್ನು ಮನಸ್ಸಿನಲ್ಲೇ ತಡವಿಕೊಳ್ಳುತ್ತಿದ್ದರು. ಗುಬ್ಬಿ ಕಿಟಕಿಯ ಸರಳು ಹಿಡಿದುಕೊಂಡಿದ್ದಳು.

ಟೀಚರಮ್ಮನಿಗೆ ಬೇರೆ ದಾರಿ ತೋಚಲಿಲ್ಲ. ತರಗತಿಯಲ್ಲಿ ಕೇಳುವ ಹಾಗೆ ಕೇಳಿಬಿಟ್ಟಳು. "ನನ್ನ ಉದಾಹರಣೆ ನೋಡಿ ಹಾಗೇ ಹಾಕಿದೋರು ಕೈ ಎತ್ತಿ. ಯಾರೂ ಬೈಯಲ್ಲ."

ಬೈಯುವುದಿಲ್ಲ ಎಂದು ಟೀಚರ್ ಹೇಳಿದ ಮಾತನ್ನು ಲೋಕದಲ್ಲಿ ಯಾವ ಮಗುವೂ ನಂಬಿದ್ದಿಲ್ಲ. ಒಂದು ಕೈಯೂ ಏಳಲಿಲ್ಲ. ಮ್ಯಾನೇಜರ್ ಗಡಿಯಾರ ನೋಡಿದ. ಹೊರಗೆ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತಾ ಪೀಂ ಪೀಂ ಎನ್ನುತ್ತಿತ್ತು. ಮುಗಿಯಿತು, ಇನ್ನು ಒಂದೊಂದೇ ಊಹಿಸುತ್ತಾ ಕೂರಬೇಕು, ಊಹೆ ತಪ್ಪಿದ ಕಡೆ ಯಾವುದೋ ವಾರ್ಡಿನಲ್ಲಿ ಯಾರೋ ಮೂರನೇ ಸಲ ಗುಂಡಿ ಒತ್ತಲು ನಾಚಿಕೊಂಡು ಮಲಗಿರುತ್ತಾರೆ ಎಂದುಕೊಂಡಳು ಟೀಚರಮ್ಮ.

ಆಗ ಹಿಂದಿನಿಂದ ಒಂದು ಕೈ ಎದ್ದಿತು. ಅಜ್ಜನದು.

"ನಾನೂ ಹಾಕಿದ್ದೀನಿ," ಎಂದ ಅಜ್ಜ. "ಕೈಗೆ ಸಿಕ್ತು, ಹಾಕ್ದೆ. ಯೋಚನೆ ಮಾಡಲಿಲ್ಲ."

ಎಲ್ಲರೂ ಹಿಂತಿರುಗಿ ನೋಡಿದರು. ಅತ್ತೆಯನ್ನೇ ಹುಟ್ಟಿಸಿದವನು, ಪೂರ್ಣವಿರಾಮ ಇಡುವ ಮೊದಲು ಎರಡು ಸಲ ಯೋಚಿಸುವವನು. ಯಾರೋ ಒಬ್ಬ ಹುಡುಗ ಪಕ್ಕೆಂದು ನಕ್ಕ, ನಕ್ಕವನೇ ಕೈ ಎತ್ತಿದ. ಅವನ ಪಕ್ಕದವಳು ಎತ್ತಿದಳು. ಪರೀಕ್ಷೆ ಮಾಡುವವನು, ಇದು ನನ್ನ ವಿಷಯವಲ್ಲ, ಆದರೂ ಎಂದು ಗೊಣಗಿ ಕೈ ಎತ್ತಿದ. ಕೊನೆಗೆ ಸರಳು ಹಿಡಿದಿದ್ದ ಕೈಯೊಂದು ಬಿಡಿಸಿಕೊಂಡು ಕಿವಿಯ ಎತ್ತರದವರೆಗೆ ಬಂದು ನಿಂತಿತು. ಟೀಚರಮ್ಮ ಅಜ್ಜನ ಕಡೆ ನೋಡಿದಳು. ನಿನ್ನೆ ಅಷ್ಟೂ ಆರುನೂರುಗಳನ್ನು ಅವಳು ಕಣ್ಣಾರೆ ನೋಡಿದ್ದಳು. ಅಜ್ಜನದು ಒಂದೂ ಇರಲಿಲ್ಲ. ಅವನು ಕೈ ಇಳಿಸಿ, ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸುತ್ತಿದ್ದ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಮ್ಯಾನೇಜರ್ ಆಸ್ಪತ್ರೆಗೆ ಫೋನ್ ಮಾಡಿ ಕ್ಷಮೆ ಕೇಳಿದ. ಆ ಕಡೆಯವರು ಸಿಟ್ಟಾದದ್ದು ಅವನ ಕಿವಿಯಿಂದ ಹೊರಗೂ ಕೇಳಿಸುತ್ತಿತ್ತು. ಫೋನಿಟ್ಟು ಬಂದವನು, ನಿಮ್ಮ ಆರ್ಡರ್ ವಿಷಯ ಆಮೇಲೆ ಮಾತಾಡೋಣ ಎಂದಷ್ಟೇ ಟೀಚರಮ್ಮನಿಗೆ ಹೇಳಿದ. ಆ 'ಆಮೇಲೆ' ಎಷ್ಟು ದೂರದ್ದು ಎಂದು ಅವಳು ಕೇಳಲಿಲ್ಲ. ಈ ಹೊಸ ಸಂದೇಶಗಳ ಸಹವಾಸವೇ ಬೇಡ, ಹಳೆಯದನ್ನೇ ವಾಪಸ್ ಹಾಕಿಬಿಡಿ ಎಂದು ಅಜ್ಜನಿಗೂ ಹೇಳಿದ.

"ಬೇಡ," ಎಂದ ಅಜ್ಜ. "ಹಳೇದು ಅರ್ಥ ಆಗದೆ ನನ್ನ ಹತ್ರ ಬಂದು ಕೇಳಿದೋರು ಕೆಲವರು ಅಷ್ಟೆ. ಮಿಕ್ಕೋರು ಅತ್ತೆ ಬಾಯಿ ಮುಚ್ಚಿಸೋ ದಾರಿ ಹುಡುಕ್ಕೊಂಡ್ರು. ಅದು ನಂಗೊತ್ತಿತ್ತು." ಆಮೇಲೆ ಟೀಚರಮ್ಮನ ಕಡೆ ತಿರುಗಿದ. "ನೀವೇ ಬರೀರಿ."

ಇದಕ್ಕಿಂತ ಉದ್ದದ ಮಾತನ್ನು ಅಜ್ಜನ ಬಾಯಿಂದ ಯಾರೂ ಕೇಳಿರಲಿಲ್ಲ. ಟೀಚರಮ್ಮ ಹೋಗಿ ಕೂತಳು. ಮೊದಲು ಉದಾಹರಣೆಯನ್ನು ಅಳಿಸಿದಳು. 'ಗಾಬರಿ ಬೇಡ' ಎಂಬುದನ್ನೂ ಅಳಿಸಿದಳು, ಸ್ವಲ್ಪ ಹೊತ್ತು ಯೋಚಿಸಿ ಅದನ್ನು ಮತ್ತೆ ಹಾಕಿದಳು. ಬರೆದಳು, ಅಳಿಸಿದಳು, ಕಾಫಿ ತಣ್ಣಗಾಯಿತು. ಮೂರು ಸಾಲಿನ ಒಂದು ಮಾತು ಬರೆಯಲು ಅಷ್ಟು ಕಷ್ಟ ಪಟ್ಟದ್ದು ಅವಳಿಗೆ ನೆನಪಿಲ್ಲ. ಈ ಸಲ ಅವಳ ಎದುರು ಕೂತಿದ್ದದ್ದು ಮಗುವಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು. ಕೊನೆಗೆ ಉಳಿದದ್ದು ಇಷ್ಟು: 'ಗಾಬರಿ ಬೇಡ. ಇಲ್ಲಿ ಯಾರೋ ಕಾಯುತ್ತಿದ್ದಾರೆ, ಆದರೆ ಎಷ್ಟು ಹೊತ್ತು ಎಂದು ನೀವು ಬರೆದಿಲ್ಲ. ಅವರು ಎಷ್ಟು ಹೊತ್ತು ಕಾಯಬಲ್ಲರು? ತಿಳಿಯದಿದ್ದರೆ ಅದು ತಪ್ಪಲ್ಲ. ಎದ್ದು ಹೋಗಿ, ತಿಳಿದವರನ್ನು ಕೇಳಿ ಬನ್ನಿ.'

ಅಜ್ಜ ಬಂದು ಹಿಂದೆ ನಿಂತು ಓದಿದ. ಹೂಂ ಎಂದ. ಅವನ ಹೂಂ ಎಂದರೆ ಬೇರೆಯವರ ಒಂದು ಭಾಷಣ.

ಹೊಸ ಸಂದೇಶ ಎಲ್ಲರ ಕಂಪ್ಯೂಟರಿಗೂ ಹೋಯಿತು. ಗುಬ್ಬಿ ತನ್ನ ಆರುನೂರನ್ನು ಅಳಿಸಿದಳು. ಅಳಿಸಿದ ಕೂಡಲೇ ಕೆಂಪು ಗೆರೆ ಎದ್ದಿತು, ಕೆಳಗೆ ಮಾತು ಬಂತು. ಟೀಚರಮ್ಮ ತನ್ನ ಜಾಗದಿಂದಲೇ ನೋಡುತ್ತಿದ್ದಳು. ಗುಬ್ಬಿ ಓದಿದಳು. ಮತ್ತೊಮ್ಮೆ ಓದಿದಳು. ಕೀಲಿಗಳ ಮೇಲೆ ಬೆರಳಿಟ್ಟಳು, ತೆಗೆದಳು. ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡಳು. ಸುತ್ತ ನೋಡಿದಳು, ಯಾರಾದರೂ ನಗುತ್ತಿದ್ದಾರೆಯೇ ಎಂದು. ಎದ್ದು ಹೋಗಿ ಪಕ್ಕ ನಿಲ್ಲೋಣವೆಂದು ಟೀಚರಮ್ಮನ ಕಾಲು ತುಡಿಯಿತು. ಹೋದರೆ ಮತ್ತೆ ತಾನೇ ಒಂದು ಸಂಖ್ಯೆ ಹೇಳಿಬಿಡುತ್ತೇನೆ ಎಂಬ ಭಯಕ್ಕೆ ಕುರ್ಚಿಯ ಕೈ ಹಿಡಿದು ಕೂತಳು. ಗುಬ್ಬಿಯೇ ಒಂದು ಸಂಖ್ಯೆ ಹಾಕಿಬಿಟ್ಟರೆ? ಮುನ್ನೂರು, ಇನ್ನೂರು, ಬಾಯಿಗೆ ಬಂದದ್ದು? ಅತ್ತೆ ಅದಕ್ಕೂ ಸುಮ್ಮನಾಗುತ್ತಾಳೆ.

ಕುರ್ಚಿ ಸರಿದ ಸದ್ದಾಯಿತು. ಗುಬ್ಬಿ ಎದ್ದು ನಿಂತಿದ್ದಳು. ಟೀಚರಮ್ಮನ ಮೇಜು ದಾಟಿದಳು, ಅಜ್ಜನ ಮೇಜಿನ ಹತ್ತಿರ ಒಂದು ಗಳಿಗೆ ನಿಂತಳು. ಅಜ್ಜ ಏನೂ ಕೇಳದೆ ಮೇಜಿನ ಮೇಲಿನ ಫೋನನ್ನು ಅವಳ ಕಡೆ ಸರಿಸಿದ. ಆಸ್ಪತ್ರೆಯ ಮೂಳೆ ವಾರ್ಡಿನ ಸಂಖ್ಯೆ ಒತ್ತಿ, ಮಾತು ತನಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ಟೀಚರಮ್ಮನೂ ಬಂದು ನಿಂತಳು. ಆ ಕಡೆಯಿಂದ ಅವಸರದ ಹೆಣ್ಣುದನಿ ಹಲೋ ಎಂದಿತು.

"ಸಿಸ್ಟರ್," ಎಂದಳು ಗುಬ್ಬಿ. ಗಂಟಲು ಸರಿಮಾಡಿಕೊಂಡಳು. "ಸಿಸ್ಟರ್, ನಿಮ್ಮನ್ನ ಒಂದು ಕೇಳಬೇಕಿತ್ತು. ನಿಮ್ಮ ವಾರ್ಡಲ್ಲಿ ಯಾರಾದ್ರೂ ಕರೆದ್ರೆ..."

"ಒಂದ್ನಿಮಿಷ ಇರಮ್ಮ, ಗಂಟೆ ಬಡೀತಿದೆ,"  ಎಂದಿತು ಆ ದನಿ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ದೂರ ಹೋಗುವ ಚಪ್ಪಲಿಯ ಸದ್ದು. ಆಮೇಲೆ, ಎಲ್ಲಿಂದಲೋ, ವಾರ್ಡಿನ ಹಳೆಯ ಗಂಟೆ ಸಣ್ಣಗೆ ಕೇಳಿಸತೊಡಗಿತು. ಒಮ್ಮೆ ನಿಂತಿತು. ಮತ್ತೆ ಶುರುವಾಯಿತು. ಗುಬ್ಬಿ ಫೋನಿನ ಮೇಲೆ ಬಗ್ಗಿ ನಿಂತಿದ್ದಳು. ಅಜ್ಜ ಫೋನಿನ ಕಡೆ ಕಿವಿಗೊಟ್ಟು ಕೂತಿದ್ದ. ಗಂಟೆ ಬಡಿಯುತ್ತಲೇ ಇತ್ತು. ಮೂವರೂ ಕಾದರು.